ಕಣ್ಣಿನ ಹನಿಯೊಳಗಿನ ಸೋಪು



ಈ ಸಲದ ಪತ್ರಗಳ ಕಟ್ಟಿನಲ್ಲಿ ದೊಡ್ಡಬಳ್ಳಾಪುರದ ಸೋದರಿಯೊಬ್ಬರ ಪತ್ರವನ್ನು ಎಲ್ಲಕ್ಕಿಂತ ಮೊದಲು ಎತ್ತಿಕೊಂಡಿದ್ದೇನೆ. ಅದು ಕಾಯುವ ಪತ್ರವಲ್ಲ. ಹೆಸರು ಬೇಡವೆಂದಿದ್ದಾರೆ. ಮಗ್ಗದ ಮನೆಯವರು. ಅವರ ಮಾತಿನಲ್ಲೇ ಕೇಳಿ:

"ನಮ್ಮತ್ತೆಯವರಿಗೆ 68 ವರ್ಷ. ನಾಲ್ಕು ವರ್ಷದಿಂದ ಗ್ಲಾಕೋಮಾ ಅಂತ ಎರಡು ಥರದ ಹನಿ ಹಾಕ್ತಾ ಇದ್ದೀವಿ. ಹಾಕಿದಾಗೆಲ್ಲ ಕಣ್ಣು ಕೆಂಪಗಾಗಿ, ಮರಳು ಬಿದ್ದ ಹಾಗೆ ಚುಚ್ಚುತ್ತೆ ಅಂತಾರೆ. ಹೋದ ತಿಂಗಳು ನೋಡಿದರೆ ಬಾಟಲಿ ಹಾಗೇ ತುಂಬಿದೆ! ನಮಗೆ ಗೊತ್ತಾಗದ ಹಾಗೆ ಬಿಟ್ಟುಬಿಟ್ಟಿದ್ದಾರೆ. ಕೇಳಿದರೆ, 'ಈ ಔಷಧಿಯಿಂದಲೇ ಕಣ್ಣು ಹಾಳಾಗ್ತಿದೆ ಕಣಮ್ಮಾ' ಅಂತಾರೆ. ನಮ್ಮ ಮೈದುನ, ಈಗ ನ್ಯಾನೋ ಹನಿ ಬಂದಿದೆ, ಅದನ್ನು ತರಿಸೋಣ ಅಂತಾನೆ. ಔಷಧಿ ಅಂಗಡಿಯವರು ಹನಿಯಲ್ಲಿ ಸೋಪಿನಂಥದ್ದು ಇರುತ್ತೆ, ಅದಕ್ಕೇ ಉರಿ ಅಂದರು. ಕಣ್ಣಿಗೆ ಹಾಕೋ ಔಷಧಿಯಲ್ಲಿ ಸೋಪು ಯಾಕಿರುತ್ತೆ? ನ್ಯಾನೋ ಹನಿಯಲ್ಲಿ ಅದು ಇರಲ್ವಾ? ಹನಿ ನಿಲ್ಲಿಸಿದರೆ ಏನಾಗುತ್ತೆ?"

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಸೋದರಿ, ಹನಿಯನ್ನು ನಿಲ್ಲಿಸಲೇಬಾರದು. ಗ್ಲಾಕೋಮಾದಲ್ಲಿ, ಹೆಚ್ಚಾಗಿ ಕಣ್ಣೊಳಗಿನ ಒತ್ತಡ ಏರಿ, ಕಣ್ಣಿನಿಂದ ಮೆದುಳಿಗೆ ಹೋಗುವ ನರ ಸ್ವಲ್ಪಸ್ವಲ್ಪವಾಗಿ ಸಾಯುತ್ತದೆ. ಸಾಮಾನ್ಯವಾಗಿ ನೋವಿಲ್ಲ, ಉರಿಯಿಲ್ಲ. ಪಕ್ಕದ ನೋಟ ಮೊದಲು ಹೋಗುವುದರಿಂದ ರೋಗಿಗೆ ಗೊತ್ತೇ ಆಗುವುದಿಲ್ಲ. ಹೋದ ನೋಟ ಯಾವ ಔಷಧಿಯಿಂದಲೂ, ಯಾವ ಶಸ್ತ್ರಚಿಕಿತ್ಸೆಯಿಂದಲೂ ಮರಳುವುದಿಲ್ಲ. ಉರಿಯುವ ಹನಿ ಕಾಪಾಡುತ್ತಿದೆ, ಉರಿಯದ ರೋಗ ಕೊಲ್ಲುತ್ತಿದೆ. ಈ ಪತ್ರಿಕೆ ಕೈಗೆ ಸಿಕ್ಕಿದ ದಿನವೇ ಅತ್ತೆಯವರನ್ನು ಅವರ ಕಣ್ಣಿನ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ, ಹನಿ ಬಿಟ್ಟಿದ್ದನ್ನು ಮುಚ್ಚಿಡದೆ ಹೇಳಿ.

ಹಾಗೆಂದು ನಿಮ್ಮ ಅತ್ತೆಯವರ ದೂರು ಸುಳ್ಳಲ್ಲ. ಅಂಗಡಿಯವರು ಹೇಳಿದ್ದೂ ಅರ್ಧ ನಿಜ. ಮಿಕ್ಕ ಅರ್ಧವನ್ನು ನಿಧಾನವಾಗಿ ನೋಡೋಣ.

ಸೀಗೆಕಾಯಿ ಏಕೆ ಉರಿಯುತ್ತದೆ?

ಎಣ್ಣೆಸ್ನಾನದ ದಿನ ಮಕ್ಕಳು ಅತ್ತು ರಂಪ ಮಾಡುವುದು ಬಿಸಿನೀರಿಗಲ್ಲ, ಸೀಗೆಕಾಯಿಗೆ. ಸೀಗೆಕಾಯಿ, ಅಂಟುವಾಳಕಾಯಿಗಳಲ್ಲಿ ಸ್ಯಾಪೊನಿನ್ ಎಂಬ ನೊರೆ ಬರಿಸುವ ವಸ್ತುವಿದೆ. ಸೋಪು, ಶಾಂಪೂ, ಪಾತ್ರೆ ತೊಳೆಯುವ ದ್ರವ ಎಲ್ಲವೂ ಇದೇ ಕುಲ. ವಿಜ್ಞಾನಿಗಳು ಇವನ್ನು ಸರ್ಫ್ಯಾಕ್ಟೆಂಟ್ ಎಂದು ಕರೆಯುತ್ತಾರೆ. ಇವುಗಳ ಪ್ರತಿಯೊಂದು ಕಣಕ್ಕೂ ಎರಡು ತುದಿ. ಒಂದು ತುದಿ ನೀರನ್ನು ಹಿಡಿಯುತ್ತದೆ, ಇನ್ನೊಂದು ಎಣ್ಣೆಯನ್ನು ಹಿಡಿಯುತ್ತದೆ. ತಲೆಯ ಎಣ್ಣೆಯನ್ನು ನೀರಿನೊಂದಿಗೆ ಕಳಿಸಿಕೊಡುವುದು ಈ ಎರಡು ಕೈಗಳ ಕೆಲಸ.

ದೊಡ್ಡಬಳ್ಳಾಪುರದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕಚ್ಚಾ ರೇಷ್ಮೆ ನೂಲನ್ನು ಸೋಪು, ಸೋಡಾ ಹಾಕಿ ಬೇಯಿಸಿದರೆ ಮೇಲಿನ ಅಂಟು ಬಿಟ್ಟು ನೂಲು ಮೆತ್ತಗಾಗುತ್ತದೆ, ಹೊಳಪು ಬರುತ್ತದೆ. ನೂಲಿಗೆ ಅದು ಒಳ್ಳೆಯದು. ಆದರೆ ನಮ್ಮ ಕಣ್ಣಿನ ಮೇಲೂ ಒಂದು ಅಂಟು ಪದರ ಇದೆ. ಅದು ಬಿಟ್ಟುಹೋಗಬಾರದು.

ಕಣ್ಣೀರು ಅಂದರೆ ಬರೀ ಉಪ್ಪುನೀರಲ್ಲ. ಒಳಗಡೆ ಕಣ್ಣಿಗೆ ಹತ್ತಿಕೊಂಡಂತೆ ಲೋಳೆಯ ಪದರ, ಅದರ ಮೇಲೆ ನೀರು, ಎಲ್ಲಕ್ಕೂ ಮೇಲೆ ತೆಳ್ಳನೆಯ ಎಣ್ಣೆಯ ಪೊರೆ. ಲೋಳೆ ನೀರನ್ನು ಹಿಡಿದಿಡುತ್ತದೆ, ಎಣ್ಣೆ ಅದು ಆರದಂತೆ ಕಾಯುತ್ತದೆ. ಇದೆಲ್ಲದರ ಕೆಳಗೆ ಕಾರ್ನಿಯಾ ಎಂಬ ಪಾರದರ್ಶಕ ಪಟಲ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅಷ್ಟರಲ್ಲೇ ಹಲವು ಪದರಗಳು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಅವರು ತೀರಿಕೊಂಡಾಗ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ನೋಟ ಬಂದದ್ದು ನಿಮಗೆ ನೆನಪಿರಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಪ್ರತಿ ಕಾರ್ನಿಯಾವನ್ನೂ ಮುಂದಿನ ಪದರ, ಹಿಂದಿನ ಪದರ ಎಂದು ಬಿಡಿಸಿ ಬೇರೆ ಬೇರೆಯವರಿಗೆ ಹಾಕಿದ್ದರು. ಒಂದೊಂದು ಪದರಕ್ಕೂ ಅಷ್ಟು ಬೆಲೆ!

ಸೋಪಿನ ಜಾತಿಯ ವಸ್ತು ಕಣ್ಣಿಗೆ ಬಿದ್ದಾಗ ಮೊದಲು ಎಣ್ಣೆಯ ಪೊರೆ ಒಡೆಯುತ್ತದೆ. ಆಮೇಲೆ ಕಾರ್ನಿಯಾದ ಮೇಲ್ಪದರದ ಜೀವಕೋಶಗಳು. ಜೀವಕೋಶದ ಗೋಡೆಯೂ ಕೊಬ್ಬಿನಿಂದಲೇ ಆಗಿರುವುದರಿಂದ ಸರ್ಫ್ಯಾಕ್ಟೆಂಟ್ ಅದನ್ನೂ ಸಡಿಲಿಸಬಲ್ಲದು.

ಹಾಗಾದರೆ ಹನಿಯಲ್ಲಿ ಅದನ್ನೇಕೆ ಹಾಕುತ್ತಾರೆ?

ಎರಡು ಕಾರಣ. ಮೊದಲನೆಯದು, ಔಷಧಿಯನ್ನು ಕರಗಿಸಲು. ಕಣ್ಣಿಗೆ ಬೇಕಾದ ಎಷ್ಟೋ ಔಷಧಿಗಳು ನೀರಿನಲ್ಲಿ ಕರಗುವುದೇ ಇಲ್ಲ, ಎಣ್ಣೆಯಲ್ಲಿ ಕರಗುತ್ತವೆ. ಎಣ್ಣೆಯನ್ನು ಹಾಗೇ ಕಣ್ಣಿಗೆ ಬಿಟ್ಟರೆ ಎಲ್ಲವೂ ಮಬ್ಬು. ಇನ್ನೊಂದು ಕಷ್ಟವೂ ಇದೆ. ಕಣ್ಣಲ್ಲಿ ಸದಾ ಇರುವ ಕಣ್ಣೀರು ಸುಮಾರು 7 ಮೈಕ್ರೋಲೀಟರ್. ಬಾಟಲಿಯಿಂದ ಬೀಳುವ ಒಂದು ಹನಿಯೋ 30ರಿಂದ 50 ಮೈಕ್ರೋಲೀಟರ್. ಒಂದೆರಡು ಸಲ ರೆಪ್ಪೆ ಬಡಿದರೆ ಹೆಚ್ಚಿನ ಭಾಗ ಕೆನ್ನೆಗೆ, ಮೂಗಿಗೆ, ಗಂಟಲಿಗೆ ಇಳಿದುಹೋಗುತ್ತದೆ. ಹನಿ ಹಾಕಿದ ಮೇಲೆ ಬಾಯಿ ಕಹಿಯಾಗುವುದು ಅದಕ್ಕೇ. ನೂರಕ್ಕೆ ಐದು ಪಾಲು ಔಷಧಿಯೂ ಕಣ್ಣೊಳಗೆ ಸೇರುವುದಿಲ್ಲ.

ಇಲ್ಲಿಗೇ ಬಂತು ನಿಮ್ಮ ಮೈದುನ ಹೇಳಿದ ನ್ಯಾನೋ. ಹಾಲನ್ನು ನೋಡಿ. ಹಾಲಿನಲ್ಲಿ ಬೆಣ್ಣೆ ಇದೆ, ಆದರೆ ತೇಲುವ ಎಣ್ಣೆಯಾಗಿ ಕಾಣುವುದಿಲ್ಲ. ಸಣ್ಣ ಸಣ್ಣ ಕಣಗಳಾಗಿ, ಒಂದೊಂದೂ ತೆಳು ಪೊರೆ ಹೊದ್ದು, ನೀರಿನಲ್ಲಿ ಹರಡಿಕೊಂಡಿದೆ. ಔಷಧಿ ತಯಾರಕರೂ ಇದನ್ನೇ ಮಾಡುತ್ತಾರೆ. ಔಷಧಿಯನ್ನು ಕೊಬ್ಬಿನಲ್ಲಿ ಅಥವಾ ಎಣ್ಣೆಯಲ್ಲಿ ಬೆರೆಸಿ, ಅದನ್ನು ಬಹು ಸೂಕ್ಷ್ಮ ಕಣಗಳಾಗಿ ಒಡೆಯುತ್ತಾರೆ. ಅಳತೆ ನ್ಯಾನೋಮೀಟರ್‌ಗಳಲ್ಲಿ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಇಷ್ಟು ಚಿಕ್ಕ ಕಣಗಳು ಕಣ್ಣಿನ ಮೇಲೆ ಹೆಚ್ಚು ಹೊತ್ತು ನಿಂತು, ಔಷಧಿಯನ್ನು ನಿಧಾನವಾಗಿ ಬಿಟ್ಟುಕೊಡಲಿ ಎಂಬುದು ಆಸೆ. ಕೋವಿಡ್‌ಗೆ 2020ರಲ್ಲಿ ಬಂದ ಎಂ‌ಆರ್‌ಎನ್‌ಎ ಲಸಿಕೆಗಳನ್ನು ಸುತ್ತಿ ಕಳಿಸಿದ್ದೂ ಇಂಥ ಕೊಬ್ಬಿನ ನ್ಯಾನೋ ಕಣಗಳಲ್ಲೇ.

ಆದರೆ ಒಡೆದ ಎಣ್ಣೆ ಸುಮ್ಮನಿರುತ್ತದೆಯೇ? ಮತ್ತೆ ಒಂದಾಗಿ ಮೇಲೆ ತೇಲುತ್ತದೆ. ಹಾಗಾಗದಂತೆ ಪ್ರತಿ ಕಣದ ಸುತ್ತ ಬೇಲಿ ಹಾಕಿದಂತೆ ನಿಲ್ಲುವುದು ಸರ್ಫ್ಯಾಕ್ಟೆಂಟ್. ಅಂದರೆ, ನ್ಯಾನೋ ಹನಿಯಲ್ಲಿ ಸೋಪಿನ ಜಾತಿಯದು ಇರುವುದಿಲ್ಲ ಎಂಬ ಮಾತು ತಪ್ಪು. ಕಣ ಚಿಕ್ಕದಾದಷ್ಟೂ ಸುತ್ತಬೇಕಾದ ಮೈ ಹೆಚ್ಚುತ್ತದೆ, ಆದ್ದರಿಂದ ಅದು ಸಾಮಾನ್ಯವಾಗಿ ಹೆಚ್ಚೇ ಬೇಕಾಗುತ್ತದೆ.

ಎರಡನೆಯ ಕಾರಣ, ಬಾಟಲಿ ಕೆಡದಂತೆ ಕಾಯಲು. ಅದಕ್ಕೆ ಆಮೇಲೆ ಬರುತ್ತೇನೆ.

ಎಲ್ಲ ಸೋಪೂ ಒಂದೇ ಅಲ್ಲ

ಸರ್ಫ್ಯಾಕ್ಟೆಂಟುಗಳಲ್ಲಿ ಮುಖ್ಯವಾಗಿ ಮೂರು ಪಂಗಡ. ಧನ ವಿದ್ಯುತ್ತಿನವು ಕಣ್ಣಿಗೆ ಸಾಮಾನ್ಯವಾಗಿ ಎಲ್ಲಕ್ಕಿಂತ ಒರಟು. ತಲೆಗೂದಲಿನ ಕಂಡಿಷನರ್, ನೆಲ ಒರೆಸುವ ಕೆಲವು ಕ್ರಿಮಿನಾಶಕಗಳಲ್ಲಿ ಇವು ಇರುತ್ತವೆ. ಋಣ ವಿದ್ಯುತ್ತಿನವು ನಡುವೆ. ಸೋಪು, ಹೆಚ್ಚಿನ ಶಾಂಪೂ, ಪಾತ್ರೆ ತೊಳೆಯುವ ದ್ರವ ಈ ಗುಂಪು. ವಿದ್ಯುತ್ತಿಲ್ಲದವು ಎಲ್ಲಕ್ಕಿಂತ ಸಾಧು. ಐಸ್‌ಕ್ರೀಮಿನಲ್ಲೂ ಬಳಸುವ ಪಾಲಿಸಾರ್ಬೇಟ್ 80, ಪೋಲೋಕ್ಸಮರ್ ಎಂಬುವು ಇಂಥವು. ಸೋಯಾ, ಮೊಟ್ಟೆಯ ಹಳದಿಗಳಲ್ಲಿರುವ ಲೆಸಿಥಿನ್ ಕೂಡ ಸೌಮ್ಯವಾದದ್ದೇ. ಕಣ್ಣಿನ ನ್ಯಾನೋ ಹನಿ ಮಾಡುವವರು ಹೆಚ್ಚಾಗಿ ಈ ಸಾಧು ಗುಂಪಿನಿಂದಲೇ ಆರಿಸುತ್ತಾರೆ. ಆದರೂ ಸಾಧು ಅಂತ ಸೇರುಗಟ್ಟಲೆ ಹಾಕುವಂತಿಲ್ಲ. ಉಪ್ಪಿನ ಹಾಗೆ, ಅಳತೆ ಮೀರಿದರೆ ಅದೂ ಕೆಡಿಸುತ್ತದೆ.

ಇದನ್ನು ಪರೀಕ್ಷಿಸುವ ಬಗೆಯನ್ನೂ ಹೇಳಿಬಿಡುತ್ತೇನೆ. 1944ರಲ್ಲಿ ಅಮೆರಿಕದ ಜಾನ್ ಡ್ರೇಜ್ ಎಂಬ ವಿಜ್ಞಾನಿ, ಬಿಳಿ ಮೊಲದ ಒಂದು ಕಣ್ಣಿಗೆ ವಸ್ತುವನ್ನು ಹಾಕಿ ದಿನಗಟ್ಟಲೆ ನೋಡುವ ಪದ್ಧತಿಯನ್ನು ಪ್ರಕಟಿಸಿದರು. ಶಾಂಪೂ, ಕಾಡಿಗೆಗಳಿಗಾಗಿಯೂ ಎಷ್ಟೋ ಮೊಲಗಳು ಕಣ್ಣು ಕಳೆದುಕೊಂಡವು. ಭಾರತ 2014ರಲ್ಲಿ ಸೌಂದರ್ಯವರ್ಧಕಗಳಿಗಾಗಿ ಪ್ರಾಣಿಗಳ ಮೇಲೆ ಪ್ರಯೋಗ ಮಾಡುವುದನ್ನು ನಿಷೇಧಿಸಿತು. ಈಗ ಬೇರೆ ದಾರಿಗಳಿವೆ. ಒಂದು, ನಮ್ಮ ಅಡಿಗೆಮನೆಗೆ ಹತ್ತಿರದ್ದು. ಕಾವು ಕೊಟ್ಟು ಒಂಬತ್ತು ಹತ್ತು ದಿನವಾದ ಕೋಳಿಮೊಟ್ಟೆಯ ಚಿಪ್ಪಿನಲ್ಲಿ ಕಿಟಕಿ ತೆರೆದು, ಒಳಗಿನ ರಕ್ತನಾಳಗಳ ಪೊರೆಯ ಮೇಲೆ ಹನಿಯನ್ನು ಬಿಡುತ್ತಾರೆ. ಐದು ನಿಮಿಷ ಗಮನಿಸುತ್ತಾರೆ. ನಾಳ ಒಡೆಯಿತೇ, ರಕ್ತ ಹೆಪ್ಪುಗಟ್ಟಿತೇ ಎಂದು ನೋಡಿ ಅಂಕ ಕೊಡುತ್ತಾರೆ. ನಮ್ಮ ದೇಶದ ಫಾರ್ಮಸಿ ಕಾಲೇಜುಗಳಲ್ಲಿ ಮಾಂಸದಂಗಡಿಯಿಂದ ತಂದ ಮೇಕೆಯ ಕಣ್ಣಿನ ಕಾರ್ನಿಯಾದಲ್ಲೂ ಇಂಥ ಹನಿಗಳನ್ನು ಪರೀಕ್ಷಿಸುವುದುಂಟು. ಇವೆಲ್ಲ ಮೊದಲ ಜರಡಿ. ಕೊನೆಯ ಮಾತು ಮನುಷ್ಯರ ಕಣ್ಣಿನಲ್ಲಿ, ತಿಂಗಳುಗಟ್ಟಲೆ ಬಳಸಿ ನೋಡಿದ ಮೇಲೆಯೇ.

ಅಂಗಡಿಗೆ ಬಂದಿರುವುದು ಏನು?

ಕೊಬ್ಬಿನ ನ್ಯಾನೋ ಕಣಗಳ ಕಣ್ಣಿನ ಹನಿ ಬಹುಪಾಲು ಇನ್ನೂ ಪ್ರಯೋಗಶಾಲೆಯಲ್ಲೇ ಇದೆ. ಅದರ ಅಕ್ಕತಂಗಿಯರು ಮಾತ್ರ ಹೊರಗೆ ಬಂದಿದ್ದಾರೆ. 2002ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ರೆಸ್ಟಾಸಿಸ್ ಎಂಬ ಹನಿ, ಕಣ್ಣು ಒಣಗುವ ತೊಂದರೆಗೆ. ಹಾಲಿನ ಹಾಗೆ ಬಿಳುಪು. ಅದರಲ್ಲಿರುವ ಎಣ್ಣೆ ಯಾವುದು ಗೊತ್ತೇ? ನಮ್ಮ ಹರಳೆಣ್ಣೆ! ಅದನ್ನು ಹಿಡಿದಿಡುವುದು ಪಾಲಿಸಾರ್ಬೇಟ್ 80. ಹಾಗೆಂದು ಮನೆಯ ಹರಳೆಣ್ಣೆಯನ್ನು "ತಂಪು" ಅಂತ ಕಣ್ಣಿಗೆ ಬಿಡಬೇಡಿ. ಗಾಣದ ಎಣ್ಣೆಯಲ್ಲಿ ಏನೇನು ಸೂಕ್ಷ್ಮಜೀವಿ ಇದೆಯೋ ಯಾರು ಬಲ್ಲರು?

2018ರಲ್ಲಿ ನಮ್ಮ ದೇಶದ್ದೇ ಆದ ಸನ್ ಫಾರ್ಮಾ ಬಳಗದ ಎರಡು ಹನಿಗಳಿಗೆ ಅಮೆರಿಕ ಒಪ್ಪಿಗೆ ಕೊಟ್ಟಿತು. ಸೀಕ್ವಾ ಎಂಬುದು ಒಣಗಣ್ಣಿಗೆ. ಜೆಲ್‌ಪ್ರಾಸ್ ಎಂಬುದು ಗ್ಲಾಕೋಮಾಕ್ಕೆ. ಎರಡರಲ್ಲೂ ಔಷಧಿಯನ್ನು ಕರಗಿಸಿ ಹಿಡಿದಿರುವುದು ವಿದ್ಯುತ್ತಿಲ್ಲದ ಸರ್ಫ್ಯಾಕ್ಟೆಂಟಿನ ಅತಿ ಸಣ್ಣ ಕಣಗಳೇ. ಸೋದರಿ, ಇಲ್ಲಿ ಗಮನಿಸಿ. ಎರಡೂ "ನ್ಯಾನೋ" ಕುಟುಂಬದವೇ ಆದರೂ ಗ್ಲಾಕೋಮಾಕ್ಕೆ ಒಣಗಣ್ಣಿನದನ್ನು ಹಾಕಿದರೆ ನೋಟ ಹೋಗಬಹುದು. ಒಣಗಣ್ಣಿನ ಹನಿಯಿಂದ ಗ್ಲಾಕೋಮಾದ ಒತ್ತಡ ಇಳಿಯುವುದಿಲ್ಲ. ಮೈದುನನಿಗೆ ಈ ಮಾತನ್ನು ಅವಶ್ಯ ಓದಿ ಹೇಳಿ. ಮತ್ತೊಂದು ಮಾತು: ಈ ಎರಡೂ ಹನಿಗಳಿಂದ ಕಣ್ಣು ಉರಿದ ರೋಗಿಗಳಿದ್ದಾರೆ. ಹೊಸದು ಎಂದಮಾತ್ರಕ್ಕೆ ಉರಿಯಿಲ್ಲ ಎಂದೇನಲ್ಲ.

ಅತ್ತೆಯವರ ಬಾಟಲಿಯಲ್ಲಿ ಏನಿರಬಹುದು?

ಈಗ ಎರಡನೆಯ ಕಾರಣ. ಬಾಟಲಿಯನ್ನು ತಿಂಗಳುದ್ದಕ್ಕೂ ದಿನಾ ತೆರೆದು ಮುಚ್ಚುವಾಗ ಸೂಕ್ಷ್ಮಜೀವಿಗಳು ಒಳಗೆ ಸೇರುತ್ತವೆ. ಅವನ್ನು ಕೊಲ್ಲಲು ಬಹಳಷ್ಟು ಹನಿಗಳಲ್ಲಿ ಬೆನ್‌ಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕವನ್ನು ಹಾಕುತ್ತಾರೆ. ಇದು ಧನ ವಿದ್ಯುತ್ತಿನ ಸರ್ಫ್ಯಾಕ್ಟೆಂಟ್, ಮೊದಲು ಹೇಳಿದ ಒರಟು ಗುಂಪಿನದು. ಪ್ರಮಾಣ ಬಹು ಕಡಿಮೆ, ಸಾಮಾನ್ಯವಾಗಿ ನೂರರಲ್ಲಿ 0.004ರಿಂದ 0.02 ಪಾಲು. ಒಂದು ವಾರ ಕಣ್ಣು ಬಂದಾಗ ಹಾಕಿಕೊಳ್ಳುವವರಿಗೆ ಇದರಿಂದ ಹೆಚ್ಚೇನೂ ಆಗುವುದಿಲ್ಲ. ಆದರೆ ಎರಡು ಮೂರು ಥರದ ಹನಿಯನ್ನು ದಿನಾ, ವರ್ಷಗಟ್ಟಲೆ ಹಾಕುವವರಲ್ಲಿ ಎಣ್ಣೆಯ ಪೊರೆ ಬೇಗ ಒಡೆಯುತ್ತದೆ, ಲೋಳೆ ಕೊಡುವ ಕೋಶಗಳು ಕಡಿಮೆಯಾಗುತ್ತವೆ, ಕಾರ್ನಿಯಾದ ಮೇಲ್ಪದರ ಸವೆಯುತ್ತದೆ. ಮರಳು ಬಿದ್ದ ಹಾಗೆ ಅನ್ನಿಸುವುದು ಈ ತೊಂದರೆಯ ಲಕ್ಷಣವಿರಬಹುದು. ಖಚಿತ ಹೇಳಬೇಕಾದವರು ಕಣ್ಣನ್ನು ದೀಪದ ಯಂತ್ರದಲ್ಲಿ ನೋಡಿದ ವೈದ್ಯರು.

ಇಲ್ಲೊಂದು ಮುಖ್ಯ ವಿಷಯ. ಉರಿ ಎನ್ನುವುದು ಅಳತೆಗೋಲಲ್ಲ. ಸೀಗೆಕಾಯಿ ಜೋರಾಗಿ ಉರಿಯುತ್ತದೆ, ತೊಳೆದರೆ ಸಾಮಾನ್ಯವಾಗಿ ಸಂಜೆಯೊಳಗೆ ಸರಿಹೋಗುತ್ತದೆ. ಸಂರಕ್ಷಕ ಸದ್ದಿಲ್ಲದೆ, ವರ್ಷಗಳಲ್ಲಿ ಸವೆಸುತ್ತದೆ. ಉರಿದದ್ದೆಲ್ಲ ಕೆಟ್ಟದ್ದೂ ಅಲ್ಲ, ಉರಿಯದ್ದೆಲ್ಲ ಒಳ್ಳೆಯದೂ ಅಲ್ಲ. ಕೇಳಬೇಕಾದ್ದು ಮೂರೇ ಪ್ರಶ್ನೆ: ಯಾವುದು, ಎಷ್ಟು, ಎಷ್ಟು ದಿನ?

ಹಾಗಾದರೆ ಸಂರಕ್ಷಕವಿಲ್ಲದ ಹನಿಯೇ ವಾಸಿ ಅಲ್ಲವೇ? ದೀರ್ಘಕಾಲದ ರೋಗಿಗಳಿಗೆ ವೈದ್ಯರು ಅದನ್ನು ಬರೆದುಕೊಡುವುದುಂಟು, ಎಷ್ಟೋ ಜನರಿಗೆ ಹಾಯಾಗಿದೆ. ಆದರೆ ಅದಕ್ಕೂ ಶಿಸ್ತು ಬೇಕು. 2023ರಲ್ಲಿ ಚೆನ್ನೈ ಬಳಿ ತಯಾರಾಗಿ ಅಮೆರಿಕಕ್ಕೆ ಹೋಗಿದ್ದ, ಸಂರಕ್ಷಕವಿಲ್ಲದ ಕಣ್ಣೀರಿನ ಹನಿಗೆ ಸಂಬಂಧಿಸಿದ ಸೋಂಕು ಅಲ್ಲಿನ 18 ರಾಜ್ಯಗಳಲ್ಲಿ 81 ಜನರಿಗೆ ತಗುಲಿತು. 14 ಮಂದಿ ನೋಟ ಕಳೆದುಕೊಂಡರು, ನಾಲ್ವರು ಸತ್ತರು. ನಮ್ಮ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ 2019ರ ಜುಲೈನಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಆದ ಹಲವರಿಗೆ ಸೋಂಕಾಗಿ ನೋಟ ಹೋದಾಗಲೂ ಸಂಶಯ ಬಿದ್ದದ್ದು ಶಸ್ತ್ರಚಿಕಿತ್ಸೆಯ ವೇಳೆ ಕಣ್ಣೊಳಗೆ ಬಳಸಿದ ಜೆಲ್ಲಿನ ಮೇಲೆ. ಔಷಧಿಯಷ್ಟೇ ಅಲ್ಲ, ಅದರ ಜೊತೆಗೆ ಕಣ್ಣಿಗೆ ಹೋಗುವ ಪ್ರತಿಯೊಂದೂ ಶುದ್ಧವಾಗಿರಬೇಕು. ಆದ್ದರಿಂದ ಸಂರಕ್ಷಕವಿಲ್ಲದ ಹನಿ ಒಂದೇ ಸಲ ಬಳಸಿ ಎಸೆಯುವ ಪುಟ್ಟ ಕೊಳವೆಯಲ್ಲಿರಬೇಕು, ಇಲ್ಲವೇ ಗಾಳಿ ಹಿಂದಕ್ಕೆ ಹೋಗದ ವಿಶೇಷ ಬಾಟಲಿಯಲ್ಲಿರಬೇಕು. ಪುಟ್ಟ ಕೊಳವೆಯಲ್ಲಿ ಮಿಕ್ಕಿದೆ, ದುಬಾರಿ ಹನಿ, ನಾಳೆಗಾಯಿತು ಎಂದು ಎತ್ತಿಡುವ ನಮ್ಮ ಉಳಿತಾಯ ಬುದ್ಧಿ ಇಲ್ಲಿ ಬೇಡ.

ಮನೆಯಲ್ಲಿ ಮಾಡಬೇಕಾದ್ದು

1. ಹನಿಯ ಪೆಟ್ಟಿಗೆಯನ್ನು ಎಸೆಯಬೇಡಿ. ಅದರ ಮೇಲೆ ಔಷಧಿಯ ಹೆಸರಿನ ಜೊತೆ ಸಂರಕ್ಷಕದ ಹೆಸರೂ ಇರುತ್ತದೆ. ಎಲ್ಲ ಪೆಟ್ಟಿಗೆಗಳನ್ನೂ ವೈದ್ಯರ ಬಳಿ ಒಯ್ದು, "ಎರಡರಲ್ಲೂ ಬೆನ್‌ಜಾಲ್ಕೋನಿಯಂ ಇದೆಯಾ ಡಾಕ್ಟ್ರೇ? ಇಲ್ಲದ್ದು ಬರೆದುಕೊಡಬಹುದಾ? ಎರಡೂ ಔಷಧಿ ಸೇರಿದ ಒಂದೇ ಹನಿ ಇದೆಯಾ?" ಎಂದು ಸಂಕೋಚವಿಲ್ಲದೆ ಕೇಳಿ. ಬಾಟಲಿ ಒಂದಾದರೆ ಸಂರಕ್ಷಕವೂ ಅಷ್ಟು ಕಡಿಮೆ.

2. ಕೈ ತೊಳೆದು, ಕೆಳರೆಪ್ಪೆಯನ್ನು ಎಳೆದು ಒಂದೇ ಹನಿ ಬಿಡಿ. ಎರಡು ಬಿಟ್ಟರೆ ಗುಣ ಹೆಚ್ಚುವುದಿಲ್ಲ, ಕೆನ್ನೆ ಒದ್ದೆಯಾಗುತ್ತದೆ ಅಷ್ಟೆ. ಬಾಟಲಿಯ ತುದಿ ರೆಪ್ಪೆಗೆ ತಾಗದಿರಲಿ.

3. ಹನಿ ಬಿಟ್ಟಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಮೆತ್ತಗೆ ಒತ್ತಿಹಿಡಿಯಿರಿ. ಔಷಧಿ ಗಂಟಲಿಗೆ ಇಳಿಯುವುದು ಕಡಿಮೆಯಾಗುತ್ತದೆ. ಎರಡನೆಯ ಹನಿಗೆ ಐದು ನಿಮಿಷ ಬಿಡುವು ಕೊಡಿ.

4. ಬಾಟಲಿ ತೆರೆದ ತಾರೀಕನ್ನು ಅದರ ಮೇಲೇ ಬರೆಯಿರಿ. ಸಾಮಾನ್ಯವಾಗಿ ಒಂದು ತಿಂಗಳಾದ ಮೇಲೆ, ಮಿಕ್ಕಿದ್ದರೂ ಬಳಸಬಾರದು.

5. ಕಾಂಟ್ಯಾಕ್ಟ್ ಲೆನ್ಸ್ ಹಾಕುವ ಹೆಣ್ಣುಮಕ್ಕಳು ಅದನ್ನು ತೆಗೆದೇ ಹನಿ ಹಾಕಿಕೊಳ್ಳಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ಹಾಕಿಕೊಳ್ಳಬೇಕು. ಮೆದು ಲೆನ್ಸ್ ಈ ಸಂರಕ್ಷಕವನ್ನು ಹೀರಿಕೊಂಡು ಕಣ್ಣಿಗೆ ಒತ್ತಿಡುತ್ತದೆ.

ಇನ್ನು, ಸೋಪು ನೇರವಾಗಿ ಕಣ್ಣಿಗೆ ಬೀಳುವ ಪ್ರಸಂಗ. ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರದ ದ್ರಾಕ್ಷಿ ತೋಟಗಳಲ್ಲಿ ಔಷಧಿ ಹೊಡೆಯುವವರು, ಎಲೆಯ ಮೇಲೆ ಹರಡಿ ಅಂಟಲಿ ಎಂದು ಸ್ಪ್ರೆಡರ್, ಸ್ಟಿಕ್ಕರ್ ಎಂಬ ದ್ರವ ಬೆರೆಸುತ್ತಾರಲ್ಲ, ಅವುಗಳಲ್ಲಿ ಬಹಳಷ್ಟು ಇದೇ ಸರ್ಫ್ಯಾಕ್ಟೆಂಟ್. ಕ್ರಿಮಿನಾಶಕವನ್ನು ಎಲೆಗೆ ಅಂಟಿಸುವುದು ಕಣ್ಣಿಗೂ ಅಂಟಿಸುತ್ತದೆ. ಬೆರೆಸುವಾಗಲೇ ಕನ್ನಡಕ ಬೇಕು, ಹೊಡೆಯುವಾಗ ಮಾತ್ರವಲ್ಲ. ಏನೇ ಬಿದ್ದರೂ, ನೆಲದ ಕ್ರಿಮಿನಾಶಕವಾಗಲಿ, ಎಲೆಯಡಿಕೆಯ ಸುಣ್ಣವಾಗಲಿ, ತಕ್ಷಣ ನಲ್ಲಿಯ ಅಥವಾ ಚೊಂಬಿನ ಶುದ್ಧ ನೀರನ್ನು ಕಣ್ಣು ತೆರೆದು ಹಿಡಿದು ಕನಿಷ್ಠ ಹದಿನೈದು ನಿಮಿಷ ಧಾರೆಯಾಗಿ ಬಿಡಿ. ಸುಣ್ಣವಾಗಿದ್ದರೆ ರೆಪ್ಪೆಯೊಳಗಿನ ಚೂರು ಹೋಗುವವರೆಗೂ ಬಿಡುತ್ತಲೇ ಇರಿ. ಉಜ್ಜಬೇಡಿ. ಎದೆಹಾಲು, ಜೇನು, ಹರಳೆಣ್ಣೆ ಏನೂ ಬೇಡ. ತೊಳೆದ ಮೇಲೆಯೇ ತಾಲ್ಲೂಕು ಆಸ್ಪತ್ರೆಗೆ ಹೊರಡಿ, ಬಿದ್ದ ವಸ್ತುವಿನ ಡಬ್ಬಿ ಜೊತೆಗಿರಲಿ. ಶಾಂಪೂ ಬಿದ್ದು ತೊಳೆದ ಮೇಲೂ ನೋವು, ಮಬ್ಬು ಉಳಿದರೆ ಅದಕ್ಕೂ ವೈದ್ಯರೇ ಬೇಕು.

ಅತ್ತೆಯವರಿಗೆ ಗದರಿಸಿ ಹನಿ ಹಾಕಬೇಡಿ, ಸೋದರಿ. "ನೀವು ಹೇಳಿದ್ದು ಸರಿ ಅತ್ತೆ, ಬಾಟಲಿಯಲ್ಲಿ ಉರಿಸೋದೊಂದು ಇರಬಹುದು, ಬೇರೆ ಥರದ್ದು ಕೇಳೋಣ, ಅಲ್ಲೀವರೆಗೂ ಡಾಕ್ಟ್ರು ಹೇಳಿದ್ದನ್ನು ಬಿಡೋದು ಬೇಡ" ಅನ್ನಿ. ವಯಸ್ಸಾದವರು ಹನಿ ಬಿಡುವುದು ಹಟದಿಂದಲ್ಲ, ತಮ್ಮ ನೋವನ್ನು ಯಾರೂ ನಂಬಲಿಲ್ಲವೆಂಬ ಬೇಸರದಿಂದ. ವೈದ್ಯರು ಏನೆಂದರು ಎಂಬುದನ್ನು ನಮಗೂ ಬರೆಯಿರಿ. ಇಂಥದೇ ಬಾಟಲಿ ಇನ್ನೂ ಎಷ್ಟೋ ಮನೆಗಳ ಗೂಡಿನಲ್ಲಿ ತುಂಬಿ ಕೂತಿರಬಹುದು.